ಕೆಂಪು ಗೆರೆ ಎಳೆಯುವ ಸಂಪಾದಕ

ಕನ್ನಡದಲ್ಲಿ ‘ಸಂಪಾದಕ’ ಎಂಬ ಮಾತಿಗೆ ಈಗ ಮೂರು ಅರ್ಥಗಳಿವೆ. ಪತ್ರಿಕೆ ನಡೆಸುವವನು ಒಬ್ಬ. ಓಲೆಗರಿಯ ಪ್ರತಿಗಳನ್ನು ಹೋಲಿಸಿ, ಪಾಠಾಂತರಗಳನ್ನು ತೂಗಿ, ಗ್ರಂಥವನ್ನು ಅಚ್ಚಿಗೆ ಅಣಿಗೊಳಿಸುವವನು ಇನ್ನೊಬ್ಬ. ಮೂರನೆಯವನು ಮನುಷ್ಯನಲ್ಲ, ಗಣಕದ ಮೇಲೆ ನಾವು ದಿನವೂ ತೆರೆಯುವ ಬಿಳಿ ಕಿಟಕಿ. ಟೆಕ್ಸ್ಟ್ ಎಡಿಟರ್ ಎನ್ನಿ, ವರ್ಡ್ ಪ್ರೊಸೆಸರ್ ಎನ್ನಿ, ಫೋನಿನ ಕೀಲಿಮಣೆ ಎನ್ನಿ, ಈ ಮೂರನೆಯವನನ್ನು ನಾವು ಉಪಕರಣ ಎಂದು ಕರೆದು ಸುಮ್ಮನಾಗುತ್ತೇವೆ. ಮೊದಲ ಇಬ್ಬರ ಮೇಲೆ ವಿಮರ್ಶೆ ಬೇಕಾದಷ್ಟಿದೆ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ 1964ರಲ್ಲಿ ಬಂದ ಮೇಲೆ, ಲಿಪಿಕಾರನ ಕೈತಪ್ಪು ಯಾವುದು, ಸಂಪಾದಕನ ಕೈವಾಡ ಯಾವುದು ಎಂದು ಕೇಳುವುದು ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೂ ಪಾಠವಾಯಿತು. ಮೂರನೆಯವನನ್ನು ಮಾತ್ರ ಯಾರೂ ಹಾಗೆ ಕೇಳಿಲ್ಲ. ಅವನೂ ತಿದ್ದುತ್ತಾನೆ, ಅವನೂ ಬಿಡುತ್ತಾನೆ, ಅವನಿಗೂ ಒಂದು ಕನ್ನಡ ಸರಿ, ಇನ್ನೊಂದು ಕನ್ನಡ ತಪ್ಪು.

ಈ ಪ್ರಶ್ನೆಯನ್ನು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಕೇಳುವುದಕ್ಕೆ ಕಾರಣವಿದೆ. ಈ ಮೂರು ತಾಲ್ಲೂಕುಗಳಷ್ಟು ಸಣ್ಣ ಜಾಗದಲ್ಲಿ ಬರೆದ ಕನ್ನಡವೂ ಹಾಡಿದ ಕನ್ನಡವೂ ಇಷ್ಟು ದಟ್ಟವಾಗಿ ಇರುವ ಸೀಮೆ ನಮ್ಮಲ್ಲಿ ಹೆಚ್ಚಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ಯಳಂದೂರಿನವಳು. ‘ರಾಜಶೇಖರ ವಿಳಾಸ’ದ ಷಡಕ್ಷರದೇವನಿಗೂ ಯಳಂದೂರಿನ ನಂಟಿದೆ. ಆ ಕಡೆ ಹನೂರಿನ ಮಲೆಗಳಲ್ಲಿ ಮಾದಪ್ಪನ ಕಾವ್ಯ, ಕಂಸಾಳೆಯವರು ಇಡೀ ರಾತ್ರಿ ಹಾಡುವಂಥದು. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ನೀಲಗಾರರ ತಂಬೂರಿಗೆ ಮಂಟೇಸ್ವಾಮಿಯ ಕಾವ್ಯ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನುಡಿ, ಒಡೆಯರಪಾಳ್ಯದ ಕಡೆ ಟಿಬೆಟನ್ನರ ವಸತಿ, ಗಡಿಯುದ್ದಕ್ಕೂ ತಮಿಳು. ಇದರ ಮೇಲೆ ಆಡಳಿತದ ಇತಿಹಾಸವೂ ಸೇರಿತು. ಯಳಂದೂರು ದಿವಾನ್ ಪೂರ್ಣಯ್ಯನ ಮನೆತನದ ಜಹಗೀರಾಗಿ ಮೈಸೂರಿನೊಳಗಿತ್ತು. ಹತ್ತಿರದ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಾಠಪುಸ್ತಕದ ಕನ್ನಡ ಇಲ್ಲಿಗೆ ತಡವಾಗಿ ಬಂತು, ಬಂದ ಮೇಲೂ ಮನೆಯ ಕನ್ನಡವನ್ನು ಪೂರ್ತಿ ಒತ್ತಿಹಾಕಲಿಲ್ಲ.

ಇಂಥ ಸೀಮೆಯ ಒಬ್ಬ ವಿದ್ಯಾರ್ಥಿ ತನ್ನ ಅಜ್ಜಿಯಿಂದಲೋ ಊರಿನ ದೇವರಗುಡ್ಡನಿಂದಲೋ ಒಂದು ಕತೆಯನ್ನು ಧ್ವನಿಮುದ್ರಿಸಿಕೊಂಡು ಅದನ್ನು ಅಕ್ಷರಕ್ಕೆ ಇಳಿಸಲು ಕೂತಾಗ ಏನಾಗುತ್ತದೆ? ಅವನ ಮುಂದಿರುವ ತಂತ್ರಾಂಶ ಯಾವ ಮಾತನ್ನು ಸಲೀಸಾಗಿ ಒಳಗೆ ಬಿಡುತ್ತದೆ, ಯಾವುದನ್ನು ಬಾಗಿಲಲ್ಲೇ ತಡೆಯುತ್ತದೆ? ಈ ಲೇಖನದ ಪ್ರಶ್ನೆ ಇಷ್ಟೇ.

ಕಂಠ, ಗರಿ, ಫಾಂಟು

ಬರೆಯುವ ಸಾಧನ ಬರಹವನ್ನು ಬದಲಿಸುವುದು ಗಣಕದಿಂದ ಶುರುವಾದದ್ದಲ್ಲ. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದವರು ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಎಕಾರ ಏಕಾರಗಳನ್ನು, ಒಕಾರ ಓಕಾರಗಳನ್ನು ಬೇರೆ ಮಾಡಿ ತೋರಿಸುತ್ತಿರಲಿಲ್ಲ. ‘ಕೆರೆ’ಯೋ ‘ಕೇರೆ’ಯೋ ಎಂಬುದನ್ನು ಓದುವವನೇ ಛಂದಸ್ಸಿನಿಂದ, ಸಂದರ್ಭದಿಂದ ತಿಳಿಯಬೇಕಿತ್ತು. ಹೊನ್ನಮ್ಮನ ಸಾಂಗತ್ಯವನ್ನು ನಾವು ಇಂದು ದೀರ್ಘದ ಕೊಂಬಿನೊಂದಿಗೆ, ಪದವಿಭಾಗದೊಂದಿಗೆ ಓದುತ್ತಿದ್ದರೆ ಅದು ನಡುವೆ ಬಂದ ಸಂಪಾದಕರ ಕೆಲಸ. ಅವರ ಆಯ್ಕೆಗಳು ಮುನ್ನುಡಿಯಲ್ಲಿ, ಅಡಿಟಿಪ್ಪಣಿಯಲ್ಲಿ ಕಾಣುತ್ತವೆ. ಅದಕ್ಕೇ ಅವರೊಡನೆ ವಾದ ಮಾಡಬಹುದು.

ಗಣಕಕ್ಕೆ ಕನ್ನಡ ಬಂದಾಗ ಈ ಆಯ್ಕೆಗಳು ಕಣ್ಣಿಗೆ ಕಾಣದ ಕಡೆ ಸೇರಿಕೊಂಡವು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಆದರೆ ಸಾಮಾನ್ಯರ ಗಣಕದಲ್ಲಿ ಅದು ಕೆಲಸ ಮಾಡಲು ಶುರುವಾದದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ. ನಡುವಿನ ಕಾಲವನ್ನು ದಾಟಿಸಿದ್ದು ಫಾಂಟುಗಳು: ಶ್ರೀಲಿಪಿ, ಆಕೃತಿ, ಬರಹ, ನುಡಿ. ಇವು ಮಾಡಿದ ಉಪಕಾರ ದೊಡ್ಡದು. ಆದರೆ ಇವು ನಡೆದುಕೊಂಡ ದಾರಿ ವಿಚಿತ್ರ. ಗಣಕಕ್ಕೆ ಗೊತ್ತಿದ್ದದ್ದು ರೋಮನ್ ಅಕ್ಷರ ಮಾತ್ರ. ಆ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಲಾಯಿತು. ಕಡತದ ಒಳಗೆ ಇರುವುದು ರೋಮನ್ನೇ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂಬುದು ಒಂದು ಅಕ್ಷರವಲ್ಲ. ಅದರ ಮೈ ಒಂದು ಚೂರು, ತಲೆಕಟ್ಟು ಇನ್ನೊಂದು ಚೂರು. ‘ಧರ್ಮ’ ಎಂಬ ಪದದ ಅರ್ಕಾವತ್ತು ಉಚ್ಚಾರದಲ್ಲಿ ಮಕಾರಕ್ಕೆ ಮೊದಲು, ಕಡತದಲ್ಲಿ ಮಕಾರದ ನಂತರ. ಹೀಗಾಗಿ ಅಕಾರಾದಿ ಮಾಡಲು ಬರುವುದಿಲ್ಲ, ಒಂದು ಫಾಂಟಿನ ಪದವನ್ನು ಇನ್ನೊಂದರಲ್ಲಿ ಹುಡುಕಲು ಬರುವುದಿಲ್ಲ. ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳ ಸಂತೆ.

ಕಾಗದದ ಮೇಲೆ ಅಚ್ಚಾಗಿ ಬಂದರೆ ಸಾಕಾಗಿದ್ದ ಕಾಲಕ್ಕೆ ಇದು ತೊಂದರೆಯೇ ಅಲ್ಲ. ಹಾಗಾಗಿಯೇ ಅದು ಇಂದಿಗೂ ಉಳಿದುಕೊಂಡಿದೆ. ತಾಲ್ಲೂಕು ಕೇಂದ್ರದ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆಯಿಂದ ಪಿಎಚ್.ಡಿ. ಪ್ರಬಂಧದವರೆಗೆ ಎಲ್ಲವೂ ಬಹುಕಾಲ ಪೇಜ್‌ಮೇಕರ್‌ನಲ್ಲಿ ನಡೆಯಿತು. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 2001ರದು, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಅಂಗಡಿಯವನು ನುಡಿ ಫಾಂಟನ್ನು ಬಿಡಲಿಲ್ಲ ಎಂದು ದೂರುವವರು ಇದನ್ನು ಮರೆಯುತ್ತಾರೆ. ಅವನ ಕಸುಬು ನಿಂತಿದ್ದ ತಂತ್ರಾಂಶ ಅವನನ್ನು ಬಿಡಲಿಲ್ಲ.

ನಷ್ಟ ಎಲ್ಲಿ ಕಾಣುತ್ತದೆ ಎಂದರೆ, ಹಾಡಿದ ಕಾವ್ಯಗಳ ಸಂಗ್ರಹದಲ್ಲಿ. ಮಾದಪ್ಪನ ಕಾವ್ಯವನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಅವರು, ಮಂಟೇಸ್ವಾಮಿ ಕಾವ್ಯವನ್ನು ಹಿ.ಚಿ. ಬೋರಲಿಂಗಯ್ಯ ಅವರು ಸಂಪಾದಿಸಿ, 1990ರ ದಶಕದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ತಂದರು. ಈ ಸೀಮೆಯ ಮಾತಿನ ದೊಡ್ಡ ಕಣಜಗಳಿವು. ಆ ದಶಕದಲ್ಲಿ ಯೂನಿಕೋಡ್ ಕನ್ನಡ ಬರೆಯುವ ಗಣಕ ಅಂಗಡಿಯಲ್ಲೂ ಇರಲಿಲ್ಲ, ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ. ಇಂದಿನ ವಿದ್ಯಾರ್ಥಿಗೆ ಈ ಪುಸ್ತಕಗಳು ಕೈಗೆ ಸಿಕ್ಕರೂ, ‘ಬುಡು’ ಎಂಬ ರೂಪ ಎಷ್ಟು ಸಲ, ಯಾರ ಬಾಯಲ್ಲಿ, ಯಾವ ಸಂದರ್ಭದಲ್ಲಿ ಬಂದಿದೆ ಎಂದು ನೋಡಲು ಪುಟ ಪುಟ ತಿರುವದೆ ಬೇರೆ ದಾರಿಯಿಲ್ಲ. ಅಚ್ಚಾದ ಪಠ್ಯ ಮತ್ತು ಹುಡುಕಬಹುದಾದ ಪಠ್ಯ ಎರಡೂ ಒಂದೇ ಅಲ್ಲ ಎಂಬುದು ನಮಗೆ ತಡವಾಗಿ ಅರ್ಥವಾಯಿತು.

ಕೀಲಿಮಣೆಯ ವ್ಯಾಕರಣ

ಯಾವ ಕೀಲಿಮಣೆ ಒಳ್ಳೆಯದು ಎಂಬ ಜಗಳ ಕನ್ನಡದಲ್ಲಿ ಹಳೆಯದು. ಸಾಮಾನ್ಯವಾಗಿ ಅದು ವೇಗದ ಮಾತಾಗಿ ಮುಗಿಯುತ್ತದೆ. ಕೀಲಿಮಣೆಯೊಳಗೆ ಒಂದು ವ್ಯಾಕರಣ ಇರುತ್ತದೆ ಎಂದು ನೋಡಿದರೆ ಜಗಳ ಹೆಚ್ಚು ಸ್ವಾರಸ್ಯವಾಗುತ್ತದೆ.

ಕೆ.ಪಿ. ರಾವ್ ಅವರ ವಿನ್ಯಾಸವನ್ನು ತೆಗೆದುಕೊಳ್ಳಿ. ಅವರು ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಟ್ಟರು. ಅದಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟದ್ದೇ ಅವರ ಮನಸ್ಸನ್ನು ಹೇಳುತ್ತದೆ. ನುಡಿ ಮುಂತಾದವು ಬಳಸುವುದು ಇದೇ ವಿನ್ಯಾಸವನ್ನು, ಕಗಪ ಎಂಬ ಹೆಸರಿನಲ್ಲಿ. ಇಲ್ಲಿ ವ್ಯಂಜನದ ಕೀಲಿ ಒತ್ತಿದರೆ ಅಕಾರ ಸೇರಿದ ಅಕ್ಷರ ಬರುತ್ತದೆ. ಬೇರೆ ಸ್ವರ ಬೇಕಾದರೆ ಅದರ ಕೀಲಿ, ಒತ್ತಕ್ಷರ ಬೇಕಾದರೆ ಎಫ್ ಕೀಲಿ. ಕನ್ನಡದ ವರ್ಣಮಾಲೆ ಹೇಗಿದೆಯೋ ಹಾಗೇ ನಡೆಯುವ ವಿನ್ಯಾಸ. ಬರಹ ತಂತ್ರಾಂಶ ಜನಪ್ರಿಯಗೊಳಿಸಿದ ಲಿಪ್ಯಂತರದ ದಾರಿ ಬೇರೆ. ಅಲ್ಲಿ ರೋಮನ್‌ನಲ್ಲಿ ಉಚ್ಚಾರದಂತೆ ಟೈಪ್ ಮಾಡಬೇಕು, ಅಕಾರಕ್ಕೂ ಒಂದು ಕೀಲಿ ಒತ್ತಬೇಕು, ಸ್ವರ ಒತ್ತದಿದ್ದರೆ ಅರ್ಧಾಕ್ಷರ. ಮೂರನೆಯದು ಇನ್‌ಸ್ಕ್ರಿಪ್ಟ್. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಹಂಚಿಕೆ.

ಈಗ ಇವುಗಳ ಮೇಲೆ ಕೊಳ್ಳೇಗಾಲದ ಮಾತನ್ನು ಇಟ್ಟು ನೋಡಿ. ಈ ಸೀಮೆಯ ಆಡುಮಾತಿನಲ್ಲಿ ನಡುವಿನ ಸ್ವರ ಬಿದ್ದುಹೋಗುತ್ತದೆ: ‘ಮಾಡಿದ’ ಎಂಬುದು ‘ಮಾಡ್ದ’. ಲಿಪ್ಯಂತರದಲ್ಲಿ ಬಾಯಲ್ಲಿ ಇಲ್ಲದ ಸ್ವರಕ್ಕೆ ಬೆರಳಲ್ಲೂ ಕೆಲಸವಿಲ್ಲ, ಒಂದು ಕೀಲಿ ಉಳಿಯಿತು. ಕಗಪದಲ್ಲಿ ಬಿದ್ದುಹೋದ ಸ್ವರದ ಜಾಗದಲ್ಲಿ ಎಫ್ ಒತ್ತಲೇಬೇಕು. ಇಲ್ಲದ ಸ್ವರಕ್ಕೂ ಒಂದು ಕೀಲಿ. ಅದೇ ಸೀಮೆಯ ಇನ್ನೊಂದು ಗುಣ, ಪದದ ಕೊನೆಯ ಎಕಾರ ಅಕಾರವಾಗುವುದು: ‘ಮನೆ’ ಎಂಬುದು ‘ಮನ’, ‘ಎಲ್ಲಿಗೆ’ ಎಂಬುದು ‘ಎಲ್ಗ’. ಇಲ್ಲಿ ಲೆಕ್ಕ ತಿರುಗುತ್ತದೆ. ಕಗಪದಲ್ಲಿ ‘ಮನೆ’ಗೆ ಮೂರು ಕೀಲಿ, ‘ಮನ’ಕ್ಕೆ ಎರಡು. ಲಿಪ್ಯಂತರದಲ್ಲಿ ಎರಡಕ್ಕೂ ನಾಲ್ಕು. ಒಂದು ವಿನ್ಯಾಸ ಮಾತಿನ ಓಟಕ್ಕೆ ಹತ್ತಿರ, ಇನ್ನೊಂದು ಅಕ್ಷರದ ಕಟ್ಟಡಕ್ಕೆ ಹತ್ತಿರ. ಯಾವುದೂ ತಟಸ್ಥವಲ್ಲ, ಯಾವುದೂ ಶತ್ರುವೂ ಅಲ್ಲ.

ನನ್ನ ತೀರ್ಮಾನ ಕಗಪದ ಕಡೆಗೆ. ಕಾರಣ ವೇಗವಲ್ಲ. ಲಿಪ್ಯಂತರದಲ್ಲಿ ಬರೆಯುವವನು ಪ್ರತಿ ಕನ್ನಡ ಪದವನ್ನೂ ಮನಸ್ಸಿನಲ್ಲಿ ಒಮ್ಮೆ ರೋಮನ್ನಿಗೆ ತಿರುಗಿಸಿ ವಾಪಸು ತರುತ್ತಾನೆ. ಪರಿಚಿತ ಪದಕ್ಕೆ ಅದು ಅಭ್ಯಾಸವಾಗಿ ಕಾಣುವುದೇ ಇಲ್ಲ. ಆದರೆ ಕೇಳಿದ್ದನ್ನು ಕೇಳಿದಂತೆ ಬರೆದುಕೊಳ್ಳಬೇಕಾದಾಗ, ಗಾಯಕನ ಬಾಯಲ್ಲಿ ಬಂದದ್ದು ಳಕಾರವೋ ಲಕಾರವೋ, ಹಕಾರ ಇತ್ತೋ ಇಲ್ಲವೋ ಎಂದು ಕಿವಿ ತೀರ್ಮಾನಿಸಬೇಕಾದಾಗ, ನಡುವೆ ಇನ್ನೊಂದು ಲಿಪಿ ಇರುವುದು ತೊಡಕು. ಗಡಿಯ ಹಳ್ಳಿಗಳಲ್ಲಿ ಕನ್ನಡದ ಜೊತೆ ಬೇರೆ ಲಿಪಿಯನ್ನೂ ಬರೆಯಬೇಕಾದವರಿಗೆ ಇನ್‌ಸ್ಕ್ರಿಪ್ಟ್ ಒಳ್ಳೆಯದು. ಒಮ್ಮೆ ಕಲಿತ ಬೆರಳು ಬೇರೆ ಲಿಪಿಯಲ್ಲೂ ಅದೇ ಜಾಗಕ್ಕೆ ಹೋಗುತ್ತದೆ.

ನಾಲ್ಕನೆಯ ದಾರಿಯೊಂದಿದೆ, ಬಹುಪಾಲು ವಿದ್ಯಾರ್ಥಿಗಳು ಹಿಡಿದಿರುವುದು ಅದನ್ನೇ: ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಪದವನ್ನು ಊಹಿಸಿ ಮುಂದಿಡುವ ಕೀಲಿಮಣೆ, ಇಲ್ಲವೇ ದನಿಯಿಂದ ಬರೆಸುವ ಸೌಲಭ್ಯ. ದಿನದ ಸಂದೇಶಕ್ಕೆ ಇದಕ್ಕಿಂತ ಸುಲಭವಿಲ್ಲ. ಆದರೆ ಊಹೆ ಎಂಬುದು ಈಗಾಗಲೇ ಹೆಚ್ಚು ಬರೆದಿರುವ ಪದಗಳಿಂದ ಹುಟ್ಟುವಂಥದು. ಕಡಿಮೆ ಬರೆದಿರುವ ಪದವನ್ನು ಅದು ಹೆಚ್ಚು ಬರೆದಿರುವ ಪದದ ಕಡೆಗೇ ಎಳೆಯುತ್ತದೆ. ‘ಎಲ್ಗ ಹೋದೈ’ ಎಂದು ಕೇಳುವ ಊರಿನ ಮಾತು ಬರಹದಲ್ಲಿ ಕಡಿಮೆ ಇರುವುದಕ್ಕೇ ಯಂತ್ರಕ್ಕೆ ಗೊತ್ತಿಲ್ಲ. ಯಂತ್ರಕ್ಕೆ ಗೊತ್ತಿಲ್ಲದ್ದಕ್ಕೇ ಅದು ಬರಹದಲ್ಲಿ ಇನ್ನೂ ಕಡಿಮೆಯಾಗುತ್ತದೆ. ಕಾವ್ಯ, ಕತೆ, ಸಂಗ್ರಹದ ಕೆಲಸಕ್ಕೆ ಊಹಿಸುವ ಕೀಲಿಮಣೆಯನ್ನು ಬಳಸಕೂಡದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕೆಂಪು ಗೆರೆ

ಕವಿರಾಜಮಾರ್ಗಕಾರ ಸಾವಿರದ ನೂರು ವರ್ಷಗಳ ಹಿಂದೆಯೇ ಕನ್ನಡ ಒಂದಲ್ಲ, ಹಲವು ಎಂದು ಒಪ್ಪಿಕೊಂಡಿದ್ದ. ದೇಸಿಗಳ ವೈವಿಧ್ಯವನ್ನು ವಾಸುಕಿಯೂ ಅರಿಯಲಾರದೆ ಬೇಸರಪಡುತ್ತಾನೆ ಎಂಬರ್ಥದ ಮಾತು ಅವನದು. ವಾಸುಕಿಗೆ ಆಗದ್ದನ್ನು ನಮ್ಮ ಕಾಗುಣಿತ ಪರೀಕ್ಷಕಕ್ಕೆ ವಹಿಸಿದ್ದೇವೆ.

ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅದರ ಮೇಲಿನ ಭಯ ಹೋಗುತ್ತದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮುಂತಾದವು ಬಳಸುವ ಹನ್‌ಸ್ಪೆಲ್ ಎಂಬ ಯಂತ್ರದಲ್ಲಿ ಎರಡು ಕಡತಗಳಿರುತ್ತವೆ. ಒಂದು ಮೂಲಪದಗಳ ಪಟ್ಟಿ, ಇನ್ನೊಂದು ಆ ಪದಗಳಿಗೆ ಯಾವ ಪ್ರತ್ಯಯಗಳು ಹತ್ತಬಹುದು ಎಂಬ ನಿಯಮಗಳು. ಇದನ್ನು ಮೊದಲು ಮಾಡಿದ್ದು ಹಂಗೇರಿಯನ್ ಭಾಷೆಗೆ. ಅದೂ ನಮ್ಮಂತೆಯೇ ಪದದ ಬಾಲಕ್ಕೆ ಬಾಲ ಸೇರಿಸುತ್ತ ಹೋಗುವ ಭಾಷೆ. ‘ಮನೆಯಲ್ಲಿರುವವರಿಗೂ’ ಎಂಬ ಒಂದೇ ಪದಕ್ಕೆ ಎಷ್ಟು ಕೀಲುಗಳಿವೆ ನೋಡಿ. ಇಂಥವನ್ನೆಲ್ಲ ಪಟ್ಟಿ ಮಾಡಲಾಗದು, ನಿಯಮದಿಂದಲೇ ಹಿಡಿಯಬೇಕು. ಪಟ್ಟಿ ಬಂದದ್ದು ನಿಘಂಟಿನಿಂದ, ನಿಯಮ ಬಂದದ್ದು ಶಾಲೆಯ ವ್ಯಾಕರಣದಿಂದ. ಹೀಗಾಗಿ ‘ಹೋದೆಯಾ’ ಸರಿ, ‘ಹೋದೈ’ ತಪ್ಪು. ‘ಬಿಡು’ ಸರಿ, ‘ಬುಡು’ ತಪ್ಪು.

ಕೆಂಪು ಗೆರೆ ಹೇಳುವುದು ‘ಇದು ತಪ್ಪು’ ಎಂದಲ್ಲ, ‘ಇದು ನನ್ನ ಪಟ್ಟಿಯಲ್ಲಿಲ್ಲ’ ಎಂದು. ಪರೀಕ್ಷೆಯ ಭಯದಲ್ಲಿ ಬೆಳೆದ ನಮ್ಮ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುತ್ತವೆ. ಅದರ ಅಜ್ಞಾನ ಇನ್ನೊಂದು ಬಗೆಯಲ್ಲೂ ಹೊರಬೀಳುತ್ತದೆ. ಹಕಾರ ಬಿಡುವ ಬಾಯಿ ‘ಹಾಡು’ ಎಂಬುದನ್ನು ‘ಆಡು’ ಎನ್ನುತ್ತದೆ. ಅಲ್ಲಿ ಕೆಂಪು ಗೆರೆ ಬೀಳುವುದೇ ಇಲ್ಲ, ಏಕೆಂದರೆ ಪಟ್ಟಿಯಲ್ಲಿ ಮೇಯುವ ಆಡೂ ಇದೆ, ಆಟದ ಆಡೂ ಇದೆ. ಗೆರೆ ಬಿದ್ದ ಕಡೆ ತಪ್ಪಿಲ್ಲದಿರಬಹುದು, ಬೀಳದ ಕಡೆ ತೊಡಕಿರಬಹುದು.

ನಂಜನಗೂಡು, ಚಾಮರಾಜನಗರ ಕಡೆಯ ಮಾತಿನಲ್ಲಿ ದೇವನೂರ ಮಹಾದೇವ 1984ರಲ್ಲಿ ‘ಕುಸುಮಬಾಲೆ’ ಬರೆದಾಗ, ಅದು ಅರ್ಥವಾಗುವುದಿಲ್ಲ ಎಂದ ಓದುಗರಿದ್ದರು. ಅರ್ಥ ಮಾಡಿಕೊಳ್ಳಲು ತಾವು ಕಷ್ಟಪಡಬೇಕು ಎಂದು ಒಪ್ಪಿದ ಓದುಗರೂ ಇದ್ದರು. ಇವತ್ತು ಅಂಥದೊಂದು ಕತೆಯನ್ನು ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಹನೂರಿನಲ್ಲಿ ಕೂತು ಬರೆಯತೊಡಗಿದರೆ, ಓದುಗ ಬರುವ ಮೊದಲೇ ತೆರೆಯ ಮೇಲೆ ಅರ್ಧ ಪುಟ ಕೆಂಪಾಗಿರುತ್ತದೆ. ಅವಳು ಗಟ್ಟಿಗಿತ್ತಿಯಾದರೆ ಮುಂದುವರಿಯುತ್ತಾಳೆ. ಎಲ್ಲರೂ ಅಷ್ಟು ಗಟ್ಟಿಯಾಗಿರಬೇಕೆಂದು ಕೇಳುವುದು ನ್ಯಾಯವಲ್ಲ.

ಇದಕ್ಕೆ ಪರಿಹಾರ ಎರಡು ಗುಂಡಿಗಳ ದೂರದಲ್ಲಿದೆ. ಕೆಂಪು ಗೆರೆ ಬಿದ್ದ ಪದದ ಮೇಲೆ ಬಲಗುಂಡಿ ಒತ್ತಿ ‘ನಿಘಂಟಿಗೆ ಸೇರಿಸು’ ಎಂದರೆ ಅದು ನಮ್ಮದೇ ಸ್ವಂತ ನಿಘಂಟಿಗೆ ಹೋಗುತ್ತದೆ. ಹೆಚ್ಚಿನವರಿಗೆ ತಿಳಿಯದ ಸಂಗತಿ ಎಂದರೆ, ಈ ಸ್ವಂತ ನಿಘಂಟು ವರ್ಡ್‌ನಲ್ಲೂ ಲಿಬ್ರೆಆಫೀಸ್‌ನಲ್ಲೂ ಒಂದು ಸರಳ ಪಠ್ಯ ಕಡತ. ಅದನ್ನು ತೆರೆಯಬಹುದು, ಓದಬಹುದು, ಗೆಳೆಯರಿಗೆ ಕಳಿಸಬಹುದು, ಹತ್ತು ಜನರ ಕಡತಗಳನ್ನು ಕೂಡಿಸಿ ಒಂದು ಮಾಡಬಹುದು. ಒಂದು ತರಗತಿಯ ವಿದ್ಯಾರ್ಥಿಗಳು ವರ್ಷವಿಡೀ ಹೀಗೆ ಸೇರಿಸಿದ ಪದಗಳನ್ನು ಒಟ್ಟುಮಾಡಿದರೆ ಆ ಸೀಮೆಯ ಪದಕೋಶದ ಮೊದಲ ಕರಡು ತಯಾರು. ಆಯಾ ಪದದ ಮುಂದೆ ಊರಿನ ಹೆಸರು ಬರೆದ ಇನ್ನೊಂದು ಪಟ್ಟಿ ಇಟ್ಟುಕೊಂಡರೆ ಅದು ಭಾಷಾಶಾಸ್ತ್ರದ ಕೆಲಸವೂ ಆಯಿತು.

ಸೊಲ್ಲು ಮತ್ತು ನಕಲು

ಎಡಿಟರನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳುವುದು ಎಂದರೆ ಮೊದಲು ನೆನಪಾಗುವುದು ಸಂಕ್ಷೇಪ ವಿಸ್ತರಣೆ. ಎರಡು ಅಕ್ಷರ ಒತ್ತಿದರೆ ಇಡೀ ಸಾಲು ಬಂದು ಕೂರುವಂತೆ ಮಾಡಿಕೊಳ್ಳುವುದು. ಅರ್ಜಿ, ಪತ್ರ, ವಿಳಾಸಗಳಿಗೆ ಇದು ವರ. ಹಾಡಿದ ಕಾವ್ಯವನ್ನು ಬರೆದುಕೊಳ್ಳುವವರಿಗೂ ಇದರ ಆಸೆ ಹುಟ್ಟುತ್ತದೆ. ಏಳುಮಲೆಯ ಮಾದಪ್ಪನ ಬಿರುದಾವಳಿ ಮತ್ತೆ ಮತ್ತೆ ಬರುತ್ತದೆ, ಹಿಮ್ಮೇಳದವರ ಸೊಲ್ಲು ಪ್ರತಿ ನುಡಿಗೂ ಬರುತ್ತದೆ. ಪ್ರತಿಸಲವೂ ಏಕೆ ಟೈಪ್ ಮಾಡಬೇಕು?

ಏಕೆಂದರೆ ಅದು ಪ್ರತಿಸಲವೂ ಅದೇ ಆಗಿರುವುದಿಲ್ಲ. ಗಾಯಕ ಉಸಿರು ತೆಗೆದುಕೊಳ್ಳಲು ಒಂದು ಕಡೆ ಬಿರುದನ್ನು ಉದ್ದ ಮಾಡುತ್ತಾನೆ, ಕತೆ ಬಿಸಿಯಾದಾಗ ಅರ್ಧಕ್ಕೇ ಕಡಿಯುತ್ತಾನೆ, ಎದುರಿಗೆ ಕೂತ ಒಕ್ಕಲಿನವರನ್ನು ನೋಡಿ ಒಂದು ಹೆಸರು ಸೇರಿಸುತ್ತಾನೆ. ಮೌಖಿಕ ಕಾವ್ಯದ ಪುನರಾವರ್ತನೆಯ ಜೀವ ಇರುವುದೇ ಈ ಸಣ್ಣ ವ್ಯತ್ಯಾಸದಲ್ಲಿ. ಯಂತ್ರದ ಪುನರಾವರ್ತನೆಗೆ ವ್ಯತ್ಯಾಸವೇ ದೋಷ. ಅಚ್ಚಿನ ಕಾಲದಲ್ಲಿ ಕಾಗದ ಉಳಿಸಲು ಸೊಲ್ಲನ್ನು ಒಮ್ಮೆ ಬರೆದು ಮುಂದೆ ಚುಕ್ಕಿ ಹಾಕುವ ರೂಢಿ ಇತ್ತು. ಆ ಚುಕ್ಕಿ ಪ್ರಾಮಾಣಿಕ, ‘ಇಲ್ಲಿ ಏನೋ ಬಿಟ್ಟಿದ್ದೇನೆ’ ಎಂದು ಹೇಳುತ್ತದೆ. ಸಂಕ್ಷೇಪದಿಂದ ಬಂದು ಕೂತ ಸಾಲು ಪೂರ್ಣ ಪಠ್ಯದ ವೇಷದಲ್ಲಿರುತ್ತದೆ. ಗಾಯಕ ಹೇಳದ್ದನ್ನೂ ಹೇಳಿದಂತೆ ತೋರಿಸುತ್ತದೆ. ಸೌಲಭ್ಯವನ್ನು ಕಚೇರಿಗೆ ಇಟ್ಟುಕೊಳ್ಳಿ, ಕಾವ್ಯಕ್ಕೆ ಬೇಡ.

ಸಾಲು ಒಡೆಯುವುದೂ ಹೀಗೇ. ವರ್ಡ್‌ನಂಥ ಕಿಟಕಿ ಪುಟದ ಅಗಲ ನೋಡಿ ತಾನೇ ಸಾಲನ್ನು ಮಡಿಸುತ್ತದೆ. ಗದ್ಯಕ್ಕೆ ಅದು ಸರಿ. ಹಾಡಿಗೆ ಸಾಲು ಎಂದರೆ ಉಸಿರು. ಎಲ್. ಬಸವರಾಜು ಅವರು ‘ಕುಸುಮಬಾಲೆ’ಯ ಗದ್ಯವನ್ನು ಕಾವ್ಯದ ಸಾಲುಗಳಾಗಿ ಒಡೆದು ತೋರಿಸಿದ್ದು ಇದೇ ಕಾರಣಕ್ಕೆ ದೊಡ್ಡ ಸಂಪಾದನೆಯ ಕೆಲಸ. ಒಂದು ಪದವನ್ನೂ ಸೇರಿಸದೆ, ಎಲ್ಲಿ ನಿಲ್ಲಬೇಕು ಎಂಬುದನ್ನಷ್ಟೇ ತೀರ್ಮಾನಿಸಿ ಅವರು ಆ ಕೃತಿಯ ಲಯವನ್ನು ಕೇಳಿಸಿದರು. ಸರಳ ಪಠ್ಯದ ಎಡಿಟರಿನಲ್ಲಿ ಸಾಲು ಮುರಿಯುವುದು ನಾವು ಎಂಟರ್ ಒತ್ತಿದ ಕಡೆ ಮಾತ್ರ, ಪ್ರತಿ ಸಾಲಿಗೂ ಪಕ್ಕದಲ್ಲಿ ಸಂಖ್ಯೆ ಇರುತ್ತದೆ. ಹಾಡಿನ ಪಠ್ಯಕ್ಕೆ ಇದು ಹೇಳಿ ಮಾಡಿಸಿದ ಜೋಡಿ.

ಕಣ್ಣಿಗೆ ಕಾಣದ ಅಕ್ಷರಗಳು

ಯೂನಿಕೋಡ್ ಬಂದ ಮೇಲೆ ಎಲ್ಲ ಸರಿಹೋಯಿತು ಎನ್ನುವ ಉತ್ಸಾಹವನ್ನೂ ಸ್ವಲ್ಪ ತಡೆಯಬೇಕು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೆ ವಕಾರ ಒತ್ತಾಗಿ ಕೂರದಂತೆ ನಡುವೆ ಕಾಣದ ಅಕ್ಷರವೊಂದು ಕೂರುತ್ತದೆ. ‘ರ‍್ಯಾಲಿ’ ಎಂಬಲ್ಲಿ ಅರ್ಕಾವತ್ತು ಬಾರದಂತೆ ತಡೆಯಲು ಇನ್ನೊಂದು. ಒಬ್ಬರು ಇದನ್ನು ಹಾಕಿ, ಇನ್ನೊಬ್ಬರು ಹಾಕದೆ ಬರೆದರೆ ಹುಡುಕಾಟದಲ್ಲಿ ಒಂದು ಸಿಕ್ಕಿ ಇನ್ನೊಂದು ಸಿಗದೆ ಹೋಗಬಹುದು. ದೀರ್ಘಗಳ ಕತೆಯೂ ಹೀಗೇ: ‘ಕೇ’ ಎಂಬಲ್ಲಿನ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘದ ಕೊಂಬು ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಗಣಕಕ್ಕೆ ಎರಡು. ಓಲೆಗರಿಯಲ್ಲಿ ದೀರ್ಘವೇ ಇರಲಿಲ್ಲ, ಈಗ ಎರಡು ಬಗೆಯ ದೀರ್ಘ. ಪ್ರಮಾಣೀಕರಿಸುವ ಸಾಧನಗಳು ಇದನ್ನು ಒಂದು ರೂಪಕ್ಕೆ ತರುತ್ತವೆ. ದೊಡ್ಡ ಪಠ್ಯದ ಮೇಲೆ ಕೆಲಸ ಮಾಡುವವರು ಮೊದಲು ಅದನ್ನು ಮಾಡಿಕೊಳ್ಳಬೇಕು. ನುಡಿ ಫಾಂಟಿನಿಂದ ಯೂನಿಕೋಡಿಗೆ ತಂದ ಕಡತಗಳಲ್ಲಿ ಅರ್ಕಾವತ್ತು ಇರುವ ಪ್ರತಿ ಪದವನ್ನೂ ಕಣ್ಣಾರೆ ನೋಡಬೇಕು. ಹಳೆಯ ಲಿಪಿಕಾರನ ದೋಷಗಳಿಗೆ ಪಟ್ಟಿ ಇದ್ದಂತೆ ಪರಿವರ್ತಕದ ದೋಷಗಳಿಗೂ ಒಂದು ಪಟ್ಟಿ ಬೇಕು.

ಯಾವ ಎಡಿಟರ್ ಎಂದು ಕೇಳುವವರಿಗೆ ಉತ್ತರ ಚಿಕ್ಕದು. ವಿಂಡೋಸ್‌ನ ನೋಟ್‌ಪ್ಯಾಡ್ ಬಹುಕಾಲ ಅಪಾಯದ ಜಾಗವಾಗಿತ್ತು. ಉಳಿಸುವಾಗ ಎನ್‌ಕೋಡಿಂಗ್ ಬದಲಿಸದೆ ಮುಂದುವರಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತಿತ್ತು. 2019ರ ವಿಂಡೋಸ್ ಪರಿಷ್ಕರಣೆಯಿಂದ ಅದು ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ. ಈಗ ಅಷ್ಟೇ ಸಾಕು ಎನ್ನುವವರಿಗೆ ಅಷ್ಟೇ ಸಾಕು. ಈಮ್ಯಾಕ್ಸ್‌ನಲ್ಲಿ ಕನ್ನ��ದ ಬರವಣಿಗೆಯ ವಿಧಾನಗಳು ಒಳಗೇ ಇವೆ. ಕಲಿಯುವ ತಾಳ್ಮೆ ಇದ್ದವರಿಗೆ ಅದರಷ್ಟು ಬಾಗುವ ಸಾಧನ ಬೇರೊಂದಿಲ್ಲ. ಟರ್ಮಿನಲ್‌ನೊಳಗೆ ನಡೆಯುವ ವಿಮ್‌ನಂಥವು ಪ್ರತಿ ಅಕ್ಷರಕ್ಕೂ ಸಮ ಅಳತೆಯ ಚೌಕ ಕೊಡುವುದರಿಂದ ನಮ್ಮ ಒತ್ತಕ್ಷರಗಳು ಅಲ್ಲಿ ಇಕ್ಕಟ್ಟಿಗೆ ಸಿಕ್ಕುತ್ತವೆ. ಲಿಬ್ರೆಆಫೀಸ್ ಪುಸ್ತಕದ ರೂಪಕ್ಕೆ ಒಳ್ಳೆಯದು. ನನ್ನ ಸಲಹೆ: ಮೂಲಪ್ರತಿ ಸರಳ ಪಠ್ಯವಾಗಿ, ಯುಟಿಎಫ್-8ರಲ್ಲಿ ಇರಲಿ. ಅಂದಚಂದ ಕೊನೆಗೆ, ಬೇರೆ ಕಡತದಲ್ಲಿ. ತಾನಾಗಿ ತಿದ್ದುವ ಸೌಲಭ್ಯ ಮುಚ್ಚಿರಲಿ. ಕಡತದ ತಲೆಯಲ್ಲಿ ಯಾರು ಹಾಡಿದ್ದು, ಯಾವ ಊರು, ಯಾವ ದಿನ, ಯಾರು ಬರೆದುಕೊಂಡದ್ದು ಎಂಬ ನಾಲ್ಕು ಸಾಲಿರಲಿ. ಫಾಂಟಿಗೆ ‘ಗುಬ್ಬಿ’, ‘ನವಿಲು’, ‘ನೋಟೋ’ ಇವೆ, ಎಲ್ಲವೂ ಮುಕ್ತ.

ಕಬ್ಬಿಣ ಯಾರದು

ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಕೊಡಲು ಮನಸ್ಸಿಲ್ಲದ ಅವರು ಅವನಿಗೆ ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಸಾಧನ ಮಾಡುವವರ ಕೈಯಲ್ಲಿ ಇರುವ ಬಲ, ಅದಿಲ್ಲದವರು ಬೇಡಬೇಕಾದ ಸ್ಥಿತಿ, ಎರಡನ್ನೂ ಈ ಸೀಮೆಯ ಕಾವ್ಯ ಚೆನ್ನಾಗಿ ಬಲ್ಲದು. ಕನ್ನಡ ತಂತ್ರಾಂಶದ ಇತಿಹಾಸದಲ್ಲಿ ಕೇಳದೆಯೇ ಕೊಟ್ಟ ಕೆ.ಪಿ. ರಾವ್ ಅಂಥವರಿದ್ದರು. ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ಅಷ್ಟೊಂದು ಜಗಳಾಡಿದ್ದೂ ಇದು ಬೇಡಿ ಪಡೆಯುವ ವಸ್ತುವಾಗಬಾರದು ಎಂದೇ. ಆ ಹೋರಾಟ ಬಹುಮಟ್ಟಿಗೆ ಗೆದ್ದಿತು. ಇಂದು ಕನ್ನಡದಲ್ಲಿ ಬರೆಯಲು ದುಡ್ಡು ಬೇಕಿಲ್ಲ, ಸರ್ಕಾರವೂ ಯೂನಿಕೋಡನ್ನು ಒಪ್ಪಿದೆ.

ಗೆಲ್ಲದೆ ಉಳಿದದ್ದು ಯಾವ ಕನ್ನಡ ಎಂಬ ಪ್ರಶ್ನೆ. ಅದನ್ನು ಬೆಂಗಳೂರಿನ ಸಮಿತಿ ಬಗೆಹರಿಸುತ್ತದೆ ಎಂದು ಕಾಯಬೇಕಾಗಿಲ್ಲ. ಪದಪಟ್ಟಿಯ ಕಡತ ಮುಕ್ತವಾಗಿದೆ, ಪ್ರತ್ಯಯದ ನಿಯಮಗಳ ಕಡತವೂ ಮುಕ್ತವಾಗಿದೆ. ‘-ಐ’ ಎಂಬುದು ಮಧ್ಯಮಪುರುಷದ ಪ್ರತ್ಯಯ ಎಂದು ಅದರಲ್ಲಿ ಒಂದು ಸಾಲು ಸೇರಿಸಿದರೆ ‘ಹೋದೈ’, ‘ಬಂದೈ’, ‘ತಿಂದೈ’ ಎಲ್ಲವೂ ಒಟ್ಟಿಗೆ ಒಳಗೆ ಬರುತ್ತವೆ. ಅದನ್ನು ಸೇರಿಸಲು ಬೇಕಾದದ್ದು ಗಣಕ ವಿಜ್ಞಾನದ ಪದವಿಯಲ್ಲ, ಈ ಮಾತು ಹೇಗೆ ನಡೆಯುತ್ತದೆ ಎಂಬ ಅರಿವು. ಆ ಅರಿವು ಕೊಳ್ಳೇಗಾಲದ ಸಂತೆಯಲ್ಲಿ, ಯಳಂದೂರಿನ ಬಸ್ ನಿಲ್ದಾಣದಲ್ಲಿ, ಬೆಟ್ಟಕ್ಕೆ ನಡೆದು ಹೋಗುವ ಪರಸೆಯಲ್ಲಿ ದಂಡಿಯಾಗಿದೆ. ಕನ್ನಡ ವಿಭಾಗಗಳು ಪ್ರತಿವರ್ಷ ಕೊಡುವ ಜಾನಪದ ಸಂಗ್ರಹದ ಕಿರುಪ್ರಬಂಧಗಳಿಗೆ ಈ ಒಂದು ಕೆಲಸವನ್ನು ಸೇರಿಸಿದರೆ ಸಾಕು: ಸಂಗ್ರಹಿಸಿದ ಪಠ್ಯವನ್ನು ಯೂನಿಕೋಡಿನಲ್ಲಿ ಕೊಡಿ, ಅದರಲ್ಲಿ ಕೆಂಪು ಗೆರೆ ಬಿದ್ದ ಪದಗಳ ಪಟ್ಟಿಯನ್ನು ಅನುಬಂಧವಾಗಿ ಕೊಡಿ. ಮಾರ್ಗದರ್ಶಕರು ಆ ಅನುಬಂಧವನ್ನು ಮೊದಲು ಓದಲಿ.